ಗುರುದತ್ತನ ಕಾರು ಕೊಟ್ಟ ಕರೆಂಟು

ತಪ್ಪೆಲ್ಲ ಕಾರಿನದೇ ಎಂದು ಗುರುದತ್ ಇವತ್ತಿಗೂ ಹೇಳುತ್ತಾನೆ. ನೀವು ನಂಬಬೇಡಿ. ಕಾರು ಪಾಪ, ಹೇಳಿದ ಕೆಲಸವನ್ನೆಲ್ಲ ಚಾಚೂ ತಪ್ಪದೆ ಮಾಡಿತು. ತಪ್ಪು ಗುರುದತ್ತನ ಬಾಯಿಯದು.

ಹೋದ ತಿಂಗಳು ಮೈಸೂರಿನಿಂದ ಮಾವ ಈಶ್ವರಪ್ಪನವರು ಫೋನ್ ಮಾಡಿದ್ದರು. ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಹೋಗಲು ಐರ್ಲೆಂಡಿಗೆ ಹೊರಟಿದ್ದರು.

"ಅಳಿಯಂದಿರೇ, ಡಬ್ಲಿನ್ ಏರ್‌ಪೋರ್ಟಿಂದ ನಿಮ್ಮ ಅತ್ಲೋನ್‌ಗೆ ಹೇಗೆ ಬರೋದು?"

"ನಾನೇ ಕಾರು ತಗೊಂಡು ಬರ್ತೀನಿ ಮಾವ."

"ಲೈಸೆನ್ಸ್ ಆಯ್ತಾ?"

"ಓ, ಅದು ಯಾವಾಗ್ಲೋ ಆಯ್ತು!"

ಈ ಸುಳ್ಳನ್ನು ಬೇರೆ ಯಾವ ಮಾವನಿಗೆ ಹೇಳಿದ್ದರೂ ನಡೆಯುತ್ತಿತ್ತು. ಈಶ್ವರಪ್ಪನವರು ಸರ್ಕಾರಿ ಬಸ್ ಡಿಪೋದಲ್ಲಿ ಹೊಸ ಡ್ರೈವರುಗಳಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿ ರಿಟೈರ್ ಆದ ಮನುಷ್ಯ. ಮದುವೆಗೆ ಮುಂಚೆ, ಹುಡುಗ ಸ್ಕೂಟರಿಗೆ ಸ್ಟ್ಯಾಂಡ್ ಹಾಕಲು ಒದ್ದಾಡುವುದನ್ನು ಕಿಟಕಿಯಿಂದ ನೋಡಿ, "ಹುಡುಗ ಚಿನ್ನದಂಥವನು, ಆದ್ರೆ ಗಾಡಿ ಮಾತ್ರ ಕೈಗೆ ಕೊಡ್ಬೇಡಿ" ಎಂದು ಒಪ್ಪಿಗೆ ಕೊಟ್ಟವರು. ಆ ಮಾತು ಗುರುದತ್ತನ ಎದೆಯಲ್ಲಿ ಇನ್ನೂ ಮುಳ್ಳಿನ ಹಾಗೆ ಕೂತಿತ್ತು.

ನಿಜ ಸಂಗತಿ ಹೀಗಿತ್ತು. ಗುರುದತ್ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದ. ಅವನ ಕೈಯಲ್ಲಿದ್ದದ್ದು ಕಲಿಯುವವರ ಪರ್ಮಿಟ್. ಅದರಲ್ಲಿ ಕಾರಿನ ಹಿಂದೆ ಮುಂದೆ ಎಲ್ ಬೋರ್ಡ್ ಇರಬೇಕು, ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು, ಮೋಟರ್‌ವೇ ಎಂಬ ಹೆದ್ದಾರಿ ಹತ್ತುವ ಹಾಗೇ ಇಲ್ಲ. ಡಬ್ಲಿನ್ನಿಗೆ ಹೋಗುವುದು ಮೋಟರ್‌ವೇಯಲ್ಲೇ. ಮಾವನಿಗೆ ವಿಡಿಯೋ ಕಾಲಿನಲ್ಲಿ ಕಾರು ತೋರಿಸುವಾಗ ಮಾತ್ರ ಅವನು ಎಲ್ ಬೋರ್ಡುಗಳನ್ನು ಕಿತ್ತು ಡಿಕ್ಕಿಯೊಳಗೆ ಬಚ್ಚಿಡುತ್ತಿದ್ದ. ಯಾರೋ ಪುಣ್ಯಾತ್ಮರು ಕೊನೇ ಗಳಿಗೆಯಲ್ಲಿ ಬಿಟ್ಟುಕೊಟ್ಟ ಟೆಸ್ಟಿನ ದಿನ ಇವನಿಗೆ ಸಿಕ್ಕಿತ್ತು, ಗುರುವಾರ ಮಧ್ಯಾಹ್ನ. ಮಾವ ಬರುವುದು ಶನಿವಾರ. ಈ ಸಲ ಪಾಸಾದರೆ ಮಾನ ಉಳಿಯುತ್ತದೆ. ಇಲ್ಲದಿದ್ದರೆ ಮುಂದಿನ ದಿನಾಂಕ ಸಿಗುವುದು ಬೇಸಿಗೆಗೇ.

ಬುಧವಾರ ರಾತ್ರಿ ಬಿರುಗಾಳಿ ಬೀಸಿತು. ಗುರುವಾರ ಬೆಳಗ್ಗೆ ಎದ್ದರೆ ಇಡೀ ಬಡಾವಣೆಯಲ್ಲಿ ಕರೆಂಟ್ ಇಲ್ಲ. ಇಲ್ಲಿ ಚಳಿಗಾಲದಲ್ಲಿ ಬೆಳಗಾದರೂ ಬೆಳಕಾಗುವುದಿಲ್ಲ. ಹೆಂಡತಿ ಕಾತ್ಯಾಯಿನಿ ಶಾಲು ಹೊದ್ದು, ಮೊಬೈಲ್ ಟಾರ್ಚ್ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದಳು.

"ರೀ, ಹೀಟರ್ ಇಲ್ಲ, ಬಿಸಿನೀರಿಲ್ಲ, ಒಲೇನೂ ಕರೆಂಟಿಂದೇ. ಬೇಡ ಬೇಡ ಅಂದ್ರೂ ಬ್ಯಾಟರಿ ಕಾರ್ ತಂದ್ರಲ್ಲ, ಅದಕ್ಕೆ ಕಾಫಿ ಮಾಡಕ್ಕೆ ಬರತ್ತಾ ಕೇಳಿ!"

ಅವಳು ಕುಹಕಕ್ಕೆ ಅಂದಿದ್ದು. ಗುರುದತ್ತನಿಗೆ ಮಾತ್ರ ಏನೋ ನೆನಪಾಯಿತು. ಕಾರಿನ ಜೊತೆ ಒಂದು ಅಡಾಪ್ಟರ್ ಬಂದಿತ್ತು. ಚಾರ್ಜ್ ಮಾಡುವ ತೂತಿಗೇ ಅದನ್ನು ಚುಚ್ಚಿದರೆ ಕಾರು ಕರೆಂಟನ್ನು ವಾಪಸ್ ಕೊಡುತ್ತದೆ ಎಂದು ಶೋರೂಮಿನವನು ಹೇಳಿದ್ದ. ಡಿಕ್ಕಿಯಿಂದ ಅದನ್ನು ಹುಡುಕಿ ತೆಗೆದು ಸಿಕ್ಕಿಸಿದ. ಎಕ್ಸ್‌ಟೆನ್ಷನ್ ವೈರನ್ನು ಕಿಟಕಿಯಿಂದ ಒಳಗೆ ಎಳೆದ. ಕೆಟಲ್ ಹಚ್ಚಿದ. ಉಸಿರು ಬಿಗಿಹಿಡಿದು ಸ್ವಿಚ್ ಒತ್ತಿದ.

ಕೆಟಲ್ಲಿನ ನೀಲಿ ದೀಪ ಹತ್ತಿತು. ನೀರು ಗುಂಯ್ ಎಂದಿತು.

ಗಂಡ ಹೆಂಡತಿ ಇಬ್ಬರೂ ಕಿಟಕಿಗೆ ಮುಖ ಒತ್ತಿ ಹೊರಗೆ ನೋಡಿದರು. ಮೈಸೂರಿನಲ್ಲಿ ಕರೆಂಟ್ ಹೋದರೆ ಅಂಗಡಿ ಮುಂದಿನ ಜನರೇಟರುಗಳು ಡಗಡಗ ಎಂದು ಬೀದಿಯನ್ನೇ ನಡುಗಿಸಿ ಹೊಗೆ ಕಾರುತ್ತಿದ್ದವು. ಇಲ್ಲಿ ಕಾರು ಕಣ್ಣು ಮುಚ್ಚಿ ಕೂತ ಹಸುವಿನ ಹಾಗೆ ಸುಮ್ಮನೆ ನಿಂತಿತ್ತು. ಸದ್ದಿಲ್ಲ, ಹೊಗೆಯಿಲ್ಲ. ಅದರೊಳಗಿಂದ ಬಿಸಿ ಬಿಸಿ ಕಾಫಿ ಬರುತ್ತಿತ್ತು! ಗುರುದತ್ತನ ಮೈ ಜುಮ್ಮೆಂದಿತು. ಕಾತ್ಯಾಯಿನಿ ಕೆನ್ನೆ ಕೆನ್ನೆ ಬಡಿದುಕೊಂಡು, "ಇದು ಕಾರಲ್ಲ ರೀ, ಕಾಮಧೇನು" ಎಂದಳು. ಕಾರು ಕೊಂಡ ಮೇಲೆ ಅವಳ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು.

ಕತ್ತಲ ಬೀದಿಯಲ್ಲಿ ಒಂದೇ ಮನೆಗೆ ಬೆಳಕಿದ್ದರೆ ಅಕ್ಕಪಕ್ಕದವರು ಸುಮ್ಮನಿರುತ್ತಾರೆಯೇ? ಮೊದಲು ಬಂದವನು ಎದುರು ಮನೆಯ ಸಂಪತ್. ಗುರುದತ್ತನ ಆಫೀಸಿನವನೇ, ಇವತ್ತು ಟೆಸ್ಟಿಗೆ ಜೊತೆಗೆ ಬರಬೇಕಾದ ಲೈಸೆನ್ಸುದಾರನೂ ಅವನೇ. ಕಂಕುಳಲ್ಲಿ ಮಿಕ್ಸಿ ಇತ್ತು.

"ಲೋ ಗುರು, ಚಟ್ನಿ ಅರ್ಧಕ್ಕೆ ನಿಂತೋಗಿದೆ ಕಣೋ. ಎರಡು ಸುತ್ತು ಅಷ್ಟೇ."

"ಸಂಪತ್, ಮಧ್ಯಾಹ್ನ ಟೆಸ್ಟ್ ಇದೆ. ಬ್ಯಾಟರಿ ಉಳೀಬೇಕು."

"ಚಟ್ನಿಗೆಲ್ಲ ಕಾರ್ ನಿಲ್ಲತ್ತೇನೋ!"

ಅವನ ಹಿಂದೆಯೇ ಪಕ್ಕದ ಮನೆಯ ನೋರೀನ್ ಅಜ್ಜಿ ಬಾಗಿಲಿಂದ ಕೂಗಿದಳು. ಮಂಡಿನೋವಿನ ಮುದುಕಿಗೆ ಒಂದು ಕರೆಂಟಿನ ಕುರ್ಚಿಯಿತ್ತು. ಗುಂಡಿ ಒತ್ತಿದರೆ ಅದೇ ಮೇಲೆದ್ದು ಅವಳನ್ನು ನಿಲ್ಲಿಸುತ್ತಿತ್ತು. ಕರೆಂಟಿಲ್ಲದೆ ಕುರ್ಚಿಯಿಲ್ಲ, ಅದಕ್ಕಿಂತ ಹೆಚ್ಚಾಗಿ ಚಹಾ ಇಲ್ಲ. ಇಲ್ಲವೆನ್ನಲು ಗುರುದತ್ತನಿಗೆ ಮನಸ್ಸು ಬರಲಿಲ್ಲ. ಬೇಲಿಯ ಮೇಲಿಂದ ಇನ್ನೊಂದು ವೈರ್ ಹೋಯಿತು. ಆಮೇಲೆ ಮೂಲೆಮನೆಯವರ ಫ್ರಿಜ್ಜು, ಅದರ ಪಕ್ಕದವರ ಹೀಟರು. ಕಾರಿನಿಂದ ಹೊರಟ ವೈರುಗಳು ಗಣಪತಿ ಪೆಂಡಾಲಿನ ಹಿಂಭಾಗದ ಹಾಗೆ ಕಾಣತೊಡಗಿದವು.

ನೋರೀನ್ ಅಜ್ಜಿ ಕೆಟಲ್ ಹಚ್ಚಿ, ಕಪ್ಪು ಕೈಯಲ್ಲಿ ಹಿಡಿದು, ಕುರ್ಚಿಯ ಗುಂಡಿ ಒತ್ತಿದಳು. ಅದೇ ಹೊತ್ತಿಗೆ ಸಂಪತ್ ಮಿಕ್ಸಿ ತಿರುಗಿಸಿದ. ಕಾರು ಭಾರ ತಾಳದೆ ಟಿಕ್ ಎಂದಿತು. ಎಲ್ಲವೂ ನಿಂತುಹೋಯಿತು. ಗುರುದತ್ ಓಡಿಹೋಗಿ ನೋಡಿದರೆ ಅಜ್ಜಿ ಅತ್ತ ಕೂತೂ ಇಲ್ಲ, ಇತ್ತ ನಿಂತೂ ಇಲ್ಲ. ಜಾರುಬಂಡೆಯ ಮೇಲಿಟ್ಟ ಮೂಟೆಯ ಹಾಗೆ ವಾಲಿಕೊಂಡಿದ್ದಾಳೆ.

"ಅಯ್ಯೋ, ಹುಷಾರಾಗಿದ್ದೀರಾ?"

"ಗ್ರ್ಯಾಂಡ್ ಕಣಪ್ಪ, ಗ್ರ್ಯಾಂಡ್," ಎಂದಳು ಅಜ್ಜಿ ತನ್ನ ಇಂಗ್ಲಿಷಿನಲ್ಲಿ; ಚೆನ್ನಾಗಿದ್ದೀನಿ ಅನ್ನುವುದಕ್ಕೆ ಇಲ್ಲಿಯವರ ಮಾತು ಅದು. "ಕಾರಿಂದ ಚಹಾ ಬರೋದನ್ನ ನೋಡಕ್ಕೇ ದೇವರು ನನ್ನ ಇಷ್ಟು ದಿನ ಇಟ್ಟಿದ್ದ. ಒಂದು ಬಿಸ್ಕೆಟ್ ಕೊಡು, ಹೀಗೇ ಇರ್ತೀನಿ."

ಮಿಕ್ಸಿ ಕಿತ್ತು, ಕಾರಿಗೆ ಮತ್ತೆ ಜೀವ ಕೊಟ್ಟು, ಅಜ್ಜಿಯನ್ನು ಇಳಿಸುವ ಹೊತ್ತಿಗೆ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಗುರುದತ್ ನಿಮಿಷಕ್ಕೊಮ್ಮೆ ಗಡಿಯಾರ ನೋಡತೊಡಗಿದ. ಊಟದ ಹೊತ್ತಿಗೆ ಗಟ್ಟಿ ಮನಸ್ಸು ಮಾಡಿ ಒಂದೊಂದೇ ವೈರ್ ಕಿತ್ತ. ಬೀದಿಯವರೆಲ್ಲ ಗೇಟಿನಲ್ಲಿ ನಿಂತು, ಯುದ್ಧಕ್ಕೆ ಹೊರಟವನನ್ನು ಕಳಿಸುವ ಹಾಗೆ ಕಾರಿನ ಬೆನ್ನು ಸವರಿ ಕಳಿಸಿಕೊಟ್ಟರು.

ಟೆಸ್ಟ್ ಸೆಂಟರಿನ ಅಂಗಳಕ್ಕೆ ಹೋದರೆ ಅಲ್ಲೂ ಕತ್ತಲು. ಟೆಸ್ಟಿಗೆ ಬಂದವರು ಚಳಿಯಲ್ಲಿ ಕೈ ಉಜ್ಜುತ್ತ ನಿಂತಿದ್ದರು. ಡೆಕ್ಲನ್ ಎಂಬ ಪರೀಕ್ಷಕ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳುತ್ತಿದ್ದ: "ಕರೆಂಟಿಲ್ಲ, ಕಂಪ್ಯೂಟರಿಲ್ಲ. ಕರೆಂಟಿಲ್ಲದಿದ್ದರೆ ಸೆಂಟರ್ ಮುಚ್ಚಿದೆ ಅಂತಲೇ ಲೆಕ್ಕ, ಅದು ರೂಲು. ಎಲ್ಲರಿಗೂ ಹೊಸ ದಿನಾಂಕ ಬರತ್ತೆ."

ಗುರುದತ್ತನ ಕಣ್ಣ ಮುಂದೆ ಮಾವನ ಮೀಸೆ ಬಂದು ನಿಂತಿತು. ಅವನಿಗೆ ನಿಜವಾಗಿ ಅಳು ಬಂತು.

"ಲೋ ಪೆದ್ದ," ಎಂದು ಪಕ್ಕದ ಸೀಟಿನಿಂದ ಸಂಪತ್ ಅವನ ತೊಡೆಗೆ ಹೊಡೆದ. "ಕರೆಂಟ್ ಮೇಲೇ ಕೂತಿದೀಯಲ್ಲೋ!"

ಕೂಡಲೇ ಕಾರನ್ನು ಕಿಟಕಿಯ ಪಕ್ಕಕ್ಕೆ ತಂದು ವೈರ್ ಎಳೆದರು. ಕಂಪ್ಯೂಟರ್ ಎದ್ದಿತು, ದೀಪ ಹತ್ತಿತು, ಹೀಟರ್ ಕೆಂಪಾಯಿತು. ಅಂಗಳದಲ್ಲಿದ್ದವರೆಲ್ಲ ಓ ಎಂದು ಚಪ್ಪಾಳೆ ತಟ್ಟಿದರು. ಡೆಕ್ಲನ್ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, "ನನ್ನ ಸರ್ವೀಸಿನಲ್ಲೇ ಇಂಥದ್ದು ನೋಡಿಲ್ಲ" ಎಂದ. ಸಂಪತ್ ಇದೆಲ್ಲವನ್ನೂ ವಿಡಿಯೋ ಮಾಡಿ, ಗುರುದತ್ತನನ್ನು ಬಾನೆಟ್ಟಿನ ಪಕ್ಕ ಎದೆಯುಬ್ಬಿಸಿ ನಿಲ್ಲಿಸಿ, ಅತ್ಲೋನಿನ ಕನ್ನಡಿಗರ ಗ್ರೂಪಿಗೆ ಹಾಕಿಬಿಟ್ಟ.

ಒಬ್ಬೊಬ್ಬರಾಗಿ ತಮ್ಮ ತಮ್ಮ ಕಾರಿನಲ್ಲಿ ಟೆಸ್ಟಿಗೆ ಹೋಗಿ ಬಂದರು. ಪಾಸಾದವರೆಲ್ಲ ಒಳಗೆ ಹೋಗಿ ಸರ್ಟಿಫಿಕೇಟ್ ತಂದು ಗುರುದತ್ತನನ್ನು ಅಪ್ಪಿಕೊಂಡರು. ಹರ್ಷಿತಾ ಎಂಬ ಬೆಂಗಳೂರಿನ ವಿದ್ಯಾರ್ಥಿನಿ ಕಾರಿಗೆ ಕೈಮುಗಿದೇ ಹೋದಳು. ಕೊನೆಗೆ ಅಂಗಳದಲ್ಲಿ ಟೆಸ್ಟಿಗೆ ಉಳಿದವನು ಗುರುದತ್ ಒಬ್ಬನೇ.

"ಬನ್ನಿ, ನಿಮ್ಮ ಸರದಿ," ಎಂದ ಡೆಕ್ಲನ್, ನಗುತ್ತಾ.

ಗುರುದತ್ ಉತ್ಸಾಹದಿಂದ ಹೋಗಿ ಕಾರಿನ ವೈರ್ ಕಿತ್ತ.

ಸೆಂಟರ್ ಕತ್ತಲಾಯಿತು.

ಇಬ್ಬರೂ ಕಟ್ಟಡವನ್ನು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಗುರುದತ್ ವೈರನ್ನು ಮತ್ತೆ ಸಿಕ್ಕಿಸಿದ. ಬೆಳಕು ಬಂತು. ಆದರೆ ವೈರ್ ಸಿಕ್ಕಿಸಿದ ಕಾರು ಒಂದಿಂಚೂ ಅಲುಗುವುದಿಲ್ಲ. ಕಿತ್ತರೆ ಕಾರಿದೆ, ಸೆಂಟರಿಲ್ಲ. ಸಿಕ್ಕಿಸಿದರೆ ಸೆಂಟರಿದೆ, ಕಾರಿಲ್ಲ.

"ನಿಮ್ಮ ಕಾರು ಗೇಟು ದಾಟಿದರೆ ಸೆಂಟರ್ ಮುಚ್ಚಿದ ಹಾಗೆ," ಎಂದ ಡೆಕ್ಲನ್, ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತ. ಪಾಪ, ಅವನಿಗೂ ಬೇಜಾರಾಗಿತ್ತು. "ಹೊಸ ದಿನಾಂಕ ಬರತ್ತೆ. ನಿಮ್ಮ ಕಾರು ಮಾತ್ರ ಅದ್ಭುತ."

ಗುರುದತ್, ಸಂಪತ್ ಇಬ್ಬರೂ ವಾಪಸ್ ಹೊರಟರು. ಮನೆ ಮುಂದೆ ಕಾರು ನಿಲ್ಲಿಸುತ್ತಿದ್ದ ಹಾಗೆ ಬೀದಿಯ ದೀಪಗಳೆಲ್ಲ ಒಟ್ಟಿಗೇ ಹತ್ತಿಕೊಂಡವು. ಕಾತ್ಯಾಯಿನಿ ಮುಖ ಅರಳಿಸಿಕೊಂಡು ಓಡಿಬಂದಳು.

"ರೀ, ಗ್ರೂಪಲ್ಲಿ ವಿಡಿಯೋ ನೋಡಿ ನಂಗೆ ಕಣ್ಣಲ್ಲಿ ನೀರೇ ಬಂತು! ಹೆಮ್ಮೆ ತಡ್ಕೊಳಕ್ಕಾಗ್ದೆ ಅಪ್ಪಂಗೂ ಕಳಿಸ್ಬಿಟ್ಟೆ."

ಗುರುದತ್ ಬಾಯಿ ತೆರೆಯುವಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಅವಳು ಅದನ್ನು ಗಂಡನ ಕೈಗೆ ಕೊಟ್ಟಳು; ಪರದೆಯ ತುಂಬ ಈಶ್ವರಪ್ಪನವರ ಮೀಸೆ.

"ಅಳಿಯಂದಿರೇ! ಏನ್ ಗಾಡಿ ರೀ ಅದು! ಇಡೀ ಆಫೀಸಿಗೆ ಕರೆಂಟ್ ಕೊಡೋ ಗಾಡೀನ ನಾನು ನನ್ ಜೀವಮಾನದಲ್ಲೇ ನೋಡಿಲ್ಲ. ನಮ್ಮ ಬೀದಿಯವರನ್ನೆಲ್ಲ ಕೂರಿಸಿ ನಾಲ್ಕು ಸಲ ತೋರಿಸ್ದೆ. ಭಲೇ!"

"ಎಲ್ಲಾ ನಿಮ್ಮ ಆಶೀರ್ವಾದ, ಮಾವ."

"ಅದಿರ್ಲಿ. ಬಾನೆಟ್ ಮೇಲೆ, ನಿಮ್ಮ ಕೈ ಪಕ್ಕದಲ್ಲೇ ಒಂದು ಎಲ್ ಬೋರ್ಡ್ ಕಾಣ್ತಾ ಇತ್ತಲ್ಲ?"

ಗುರುದತ್ ಹೆಂಡತಿಯ ಮುಖ ನೋಡಿದ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಸರ್ವೀಸ್ ಪೂರ್ತಿ ಆ ಬೋರ್ಡ್ ಕಟ್ಕೊಂಡೇ ತಿರುಗಿದೀನಿ ಅಳಿಯಂದಿರೇ, ನಂಗೆ ಗುರುತು ಸಿಗಲ್ವಾ?" ಈಶ್ವರಪ್ಪನವರ ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಿನದ ಮೇಲೆ ಕೆಲಸ ಸಿಕ್ಕವರ ಖುಷಿಯಿತ್ತು. "ಯೋಚ್ನೆ ಮಾಡ್ಬೇಡಿ. ಶನಿವಾರ ನಾನು ಬಸ್ಸಲ್ಲೇ ಬರ್ತೀನಿ. ಭಾನುವಾರ ಬೆಳಗ್ಗೆ ಆರಕ್ಕೆ ಸ್ನಾನ ಮಾಡಿ ರೆಡಿಯಾಗಿರಿ. ಮೂರು ತಿಂಗಳಿದೆಯಲ್ಲ, ಮೊದಲು ಸ್ಟೇರಿಂಗ್ ಹಿಡಿಯೋದರಿಂದ ಶುರು ಮಾಡೋಣ."