ಸೀರೆ ಗಂಟಿನಲ್ಲಿ ಬಂದ ಕಲ್ಲುಗಳು

ನಮ್ಮ ಮನೆತನದಲ್ಲಿ ಹುಚ್ಚರು ಯಾರೂ ಇಲ್ಲ ಎಂದು ಬೀಗತನ ಮಾಡಲು ಬಂದವರಿಗೆಲ್ಲ ಧೈರ್ಯವಾಗಿ ಹೇಳುತ್ತಿದ್ದೆವು. ಹೇಳುವ ಮೊದಲು ನನ್ನ ಮೈದುನನನ್ನು ಏನಾದರೊಂದು ನೆವ ಮಾಡಿ ಗದಗಿನ ಪೇಟೆಗೆ ಕಳಿಸಿಬಿಡುತ್ತಿದ್ದೆವು, ಅಷ್ಟೆ!

ಹಾಗಂತ ಅವನು ಅರಿವೆ ಹರಿದುಕೊಳ್ಳುವ ಹುಚ್ಚನಲ್ಲ. ಕುಡಿಯುತ್ತಿರಲಿಲ್ಲ, ಇಸ್ಪೀಟು ಆಡುತ್ತಿರಲಿಲ್ಲ, ಯಾರಿಗೂ ಒಂದು ಬಿರುಸು ಮಾತು ಆಡಿದವನಲ್ಲ. ಕುಡಿದಿದ್ದರೆ ಓಣಿಯ ಹೆಂಗಸರ ಮುಂದೆ ಹೇಳಿಕೊಂಡು ಅಳಲಿಕ್ಕಾದರೂ ಬರುತ್ತಿತ್ತು. 'ನಮ್ಮ ಮೈದುನ ಕಲ್ಲು ಆರಿಸುತ್ತಾನೆ' ಎಂದು ಯಾವ ಬಾಯಿಂದ ಹೇಳುವುದು? ಹೇಳಿದರೆ ಅಳುವವರು ಯಾರು?

ಬೆಟಗೇರಿಯಲ್ಲಿ ನಮ್ಮದು ನೇಕಾರರ ಮನೆ. ನಮ್ಮ ಮನೆಯವರು ಮಗ್ಗದಲ್ಲಿ ಕೂಡುತ್ತಿದ್ದರು, ನಾನು ಕಂಡಿಕೆಗೆ ನೂಲು ಸುತ್ತುತ್ತಿದ್ದೆ, ಮೈದುನ ನೇಯ್ದ ಸೀರೆಗಳ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿ ಮಾರುತ್ತಿದ್ದ. ಲಕ್ಷ್ಮೇಶ್ವರ, ಶಿರಹಟ್ಟಿ, ಬೆಳ್ಳಟ್ಟಿ, ಮುಂಡರಗಿ, ಎಲ್ಲ ಕಡೆ ಅವನ ಗಿರಾಕಿಗಳಿದ್ದರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನ್ನ ತಲೆಯಲ್ಲಿ ಇನ್ನೂ ಒಂದು ಬಿಳಿಗೂದಲೂ ಇರಲಿಲ್ಲ. ಆಮೇಲೆ ಬಂದವುಗಳಲ್ಲಿ ಅರ್ಧಕ್ಕೆ ಆ ಕಲ್ಲುಗಳೇ ಕಾರಣ.

ಒಮ್ಮೆ ಮುಂಡರಗಿ ಕಡೆ ಹೋದವನು ಹೊಳೆಯ ದಂಡೆಯ ಮೇಲೆ ಒಬ್ಬ ಸಾಹೇಬರನ್ನು ಕಂಡ. ಧಾರವಾಡದವರು, ಕಾಲೇಜಿನಲ್ಲಿ ಕಲಿಸುವವರು. ಆ ಸುಡುಬಿಸಿಲಿನಲ್ಲಿ ನೆಲಕ್ಕೆ ಬಗ್ಗಿ ಏನೋ ಹುಡುಕುತ್ತಿದ್ದರು. ಪಾಪ, ಉಂಗುರವೋ ಕೀಲಿಕೈಯೋ ಕಳೆದುಕೊಂಡಿದ್ದಾರೆ ಎಂದು ಇವನೂ ಸೈಕಲ್ಲು ಮಲಗಿಸಿ ಹುಡುಕಲು ನಿಂತ! ಅರ್ಧ ತಾಸು ಹುಡುಕಿದ ಮೇಲೆ, "ಏನ ಕಳಕೊಂಡೀರಿ ಸಾಹೇಬ್ರ?" ಎಂದು ಕೇಳಿದನಂತೆ. ಅವರು ನಕ್ಕು ಇವನ ಕೈಯಲ್ಲಿ ಒಂದು ಕಲ್ಲು ಇಟ್ಟರು. ಕಬ್ಬಿಣ, ತಾಮ್ರ ಏನೂ ಗೊತ್ತಿಲ್ಲದ ಕಾಲದಲ್ಲಿ ಮನುಷ್ಯ ಮಾಡಿಕೊಂಡ ಕೊಡಲಿ ಇದು ಎಂದರು. ಅಷ್ಟು ಸಾಲದೆಂದು ಅದನ್ನು ಗುರುತಿಸುವುದು ಹೇಗೆಂದೂ ಕಲಿಸಿದರು. ಅಲ್ಲಿಗೆ ನಮ್ಮ ಹುಡುಗನ ಕಥೆ ಮುಗಿಯಿತು.

ಆ ಸಲ ಅವನು ಮನೆಗೆ ಬಂದಾಗ ಗಂಟು ಹೋಗುವಾಗ ಇದ್ದುದಕ್ಕಿಂತ ಭಾರವಾಗಿತ್ತು. ಬಿಚ್ಚಿದರೆ ಹೊಸ ಸೀರೆಯ ಮಡಿಕೆಯೊಳಗೆ ಕೂಸಿನ ಹಾಗೆ ಸುತ್ತಿಟ್ಟ ಕಲ್ಲು.

"ವೈನಿ, ಇದನ್ನ ಮನಷಾ ಮಾಡ್ಯಾನ್ರಿ," ಎಂದ.

"ಯಾ ಮನಷಾ?"

"ಭಾಳ ಹಿಂದಿನಾಂವ."

"ನಿಮ್ಮ ಮುತ್ಯಾನಕಿಂತ ಹಿಂದಿನಾಂವ?"

"ಮುತ್ಯಾನ ಮುತ್ಯಾನ ಮುತ್ಯಾನೂ ಹುಟ್ಟಿದ್ದಿಲ್ರಿ ಆವಾಗ."

"ಹಂಗಾರ ಅಂವ ಮರತು ಬಿಟ್ಟು ಹೋದದ್ದನ್ನ ನೀ ಯಾಕ ಎತಗೊಂಡು ಬಂದಿ? ಹುಡುಕ್ಕೋಂತ ಬಂದ್ರ ಏನ ಹೇಳೂಣು?"

ಅವನು ಕಲ್ಲನ್ನು ನನ್ನ ಮುಖದ ಹತ್ತಿರ ಹಿಡಿದು ಪಾಠ ಶುರು ಮಾಡಿದ. ಸಿಕ್ಕ ಕಲ್ಲೆಲ್ಲ ಲೆಕ್ಕಕ್ಕೆ ಬರುವುದಿಲ್ಲವಂತೆ. ಪೆಟ್ಟು ಬಿದ್ದ ಕಡೆ ಸಣ್ಣ ಉಬ್ಬು ಇರಬೇಕು. ಆ ಉಬ್ಬಿನ ಸುತ್ತ, ಬಾವಿಯಲ್ಲಿ ಹರಳು ಒಗೆದಾಗ ನೀರಿನ ಮೇಲೆ ಏಳುವಂಥ ಬಳೆ ಬಳೆ ಗೆರೆ ಕಾಣಬೇಕು. ಅಂಚಿನಲ್ಲಿ ಎರಡೂ ಮಗ್ಗಲಿನಿಂದ ಸಾಲಾಗಿ ಚಕ್ಕೆ ಎದ್ದಿರಬೇಕು. ತಾನಾಗಿ ಉರುಳಿ ಒಡೆದ ಕಲ್ಲಿಗೆ ಅಷ್ಟು ಅಚ್ಚುಕಟ್ಟು ಎಲ್ಲಿಂದ ಬರಬೇಕು? ಒಂದು ಕಲ್ಲಿಗೆ ಇಷ್ಟು ಲಕ್ಷಣ ನೋಡುವವನು ಹೆಣ್ಣಿಗೆ ಎಷ್ಟು ನೋಡಬೇಕು ಹೇಳಿ!

ಅದನ್ನೂ ಹೇಳಿಬಿಡುತ್ತೇನೆ. ಅಂತೂರ ಬೆಂತೂರಿಗೆ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದೆವು. ಹುಡುಗಿ ಲಕ್ಷಣವಾಗಿದ್ದಳು, ಅವಲಕ್ಕಿ ಚಹಾ ತಂದು ಇಟ್ಟಳು, ತಲೆ ತಗ್ಗಿಸಿ ಕುಳಿತಳು. ಇವನೂ ತಲೆ ತಗ್ಗಿಸಿ ಕುಳಿತಿದ್ದ. ಎಂಥ ನಾಚಿಕೆಯ ಹುಡುಗ ಎಂದು ಅವರಿಗೆಲ್ಲ ಸಂತೋಷ! ಹುಡುಗಿಯ ಅಪ್ಪ ಕೇಳಿದರು:

"ಏನ್ರಿ, ಮನಸಿಗೆ ಬಂತೇನ್ರಿ?"

"ಚೊಲೋ ಐತ್ರಿ," ಎಂದ ನಮ್ಮವನು. "ಒಂದ ಮಗ್ಗಲದಾಗ ಎರಡ ಚಕ್ಕಿ ಎದ್ದಾವು, ಅಷ್ಟ."

ಬಾಗಿಲು ಬಡಿದುಕೊಳ್ಳದಂತೆ ಅವರು ಒಂದು ಕಲ್ಲನ್ನು ಆನಿಕೆ ಕೊಟ್ಟಿದ್ದರು. ಅಷ್ಟು ಹೊತ್ತೂ ಅವನು ನೋಡಿದ್ದು ಅದನ್ನು! ಬರುವಾಗ ಆ ಕಲ್ಲನ್ನಾದರೂ ಕೊಡುತ್ತಾರೇನು ಕೇಳಿ ವೈನಿ, ಎಂದು ನನ್ನ ಸೆರಗು ಜಗ್ಗಿದ. ಹುಡುಗಿ ಬರಲಿಲ್ಲ, ಕಲ್ಲೂ ಬರಲಿಲ್ಲ. ಆಮೇಲೆ ಅವನ ಲಗ್ನದ ಮಾತನ್ನು ನಾವೂ ಬಿಟ್ಟೆವು.

ಬೆಳ್ಳಟ್ಟಿಯಲ್ಲಿ ಮಾಡಿದ್ದು ಇದಕ್ಕೂ ಮೇಲು. ಊರ ಹೊರಗಿನ ಬೇವಿನ ಗಿಡದ ಬುಡದಲ್ಲಿ ಸಿಡಿಲ ಕಲ್ಲೆಂದು ಒಂದು ನುಣ್ಣನೆಯ ಕರಿ ಕಲ್ಲನ್ನು ನೆಟ್ಟು ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದರು. ಮೋಡದಿಂದ ಸಿಡಿಲಿನ ಜೊತೆ ಬಿದ್ದದ್ದು ಎಂದು ಎಲ್ಲರ ನಂಬಿಕೆ. ಇವನು ಅದರ ಮುಂದೆ ಒಂದು ತಾಸು ಕಣ್ಣು ಮಿಟುಕಿಸದೆ ಕುಳಿತ. ನೀರಿಗೆ ಹೊರಟ ಹೆಂಗಸರು, ಎಂಥ ಭಕ್ತ ಎಂದುಕೊಂಡು ತಾವೂ ಕೈ ಮುಗಿದರು. ಅಷ್ಟಕ್ಕೇ ಎದ್ದು ಬಂದಿದ್ದರೆ ಅವತ್ತು ಹತ್ತು ಸೀರೆ ಮಾರಿರುತ್ತಿದ್ದ! ಬುಡ ಹೇಗಿದೆ ನೋಡಬೇಕಲ್ಲ? ದೇವರನ್ನು ಕಿತ್ತು ಬೋರಲು ಹಾಕಿದ.

"ಅಯ್ಯ ನಿನ್ನ ಕೈ ಸೇದಿ ಹೋಗ್ಲಿ! ದ್ಯಾವರನ್ನ ಯಾಕ ಕೆಡವಿದ್ಯೋ?" ಎಂದು ಒಬ್ಬ ಮುದುಕಿ ಕೊಡ ಇಳಿಸಿ ಬಂದಳು.

"ಯವ್ವಾ, ಇದು ಮ್ಯಾಲಿಂದ ಬಿದ್ದದ್ದಲ್ಲ. ಕೊಡ್ಲಿ ಐತಿ. ತಿಕ್ಕಿ ತಿಕ್ಕಿ ಬಾಯಿ ಮಾಡ್ಯಾರ, ನೋಡ ಇಲ್ಲೆ."

"ಕೊಡ್ಲಿ ಇದ್ರ ಕಾವ ಎಲ್ಲೈತಿ?"

"ಕಟಗೀ ಕಾವ, ಲಡ್ಡ ಆಗಿ ಮಣ್ಣಾಗಿ ಹೋಗಿರತೈತಿ ಯವ್ವಾ."

"ನಿನ್ನ ತಲೀನೂ ಹಂಗ ಆಗೇತಿ, ನಡಿ!"

ಕೊನೆಗೆ ಆ ಕಲ್ಲನ್ನು ಮೊದಲಿನಂತೆ ನೆಟ್ಟು, ನೀರು ಹಾಕಿ, ಕಾಯಿ ಒಡೆದು, ಗಂಟಿನಲ್ಲಿದ್ದ ಎಲ್ಲಕ್ಕಿಂತ ಚಂದದ ಸೀರೆಯನ್ನು ಉಡಿಸಿ ಬಂದ. ಮನೆಯವರು ಹಲ್ಲು ಕಡಿದರು. ಇವನು ಮಾತ್ರ ಉಣ್ಣಲು ಕುಳಿತು, "ಆ ಮುದುಕಿ ಚೊಲೋ ಕೇಳಿದ್ಳು ವೈನಿ. ಕಾವಿನ ಮಾತು ನನಗ ಹೊಳದಿದ್ದಿಲ್ಲ," ಎಂದು ಅವಳನ್ನೇ ಹೊಗಳಿದ.

ಉಣ್ಣುವಾಗ ಅವನಿಗೆ ಅದೊಂದು ಚಟ. ಯಾವ ಕಲ್ಲು ಎಲ್ಲಿ ಸಿಕ್ಕಿತು, ಹೇಗೆ ಬಿದ್ದಿತ್ತು, ಅಂಗಾತವೋ ಮಗ್ಗಲಿಗೋ, ಎಲ್ಲ ಹೇಳಬೇಕು. ಮನೆಯವರು ಎರಡು ತುತ್ತಿನಲ್ಲಿ ಎದ್ದುಬಿಡುತ್ತಿದ್ದರು. ಬಡಿಸುವವಳು ನಾನು, ಏಳುವುದು ಹೇಗೆ? ಹೂಂ ಎನ್ನುತ್ತಿದ್ದೆ. ನಡುನಡುವೆ, "ಸಾರ ಆರತೈತಿ, ಮದ್ಲ ಉಣ್ಣು," ಎಂದು ಗದರುತ್ತಿದ್ದೆ.

ಹೀಗೆ ವರ್ಷಗಳು ಕಳೆದವು. ಕಲ್ಲುಗಳು ಅಟ್ಟ ತುಂಬಿ, ಮಂಚದ ಕೆಳಗೆ ತುಂಬಿ, ಕೊನೆಗೆ ಮಗ್ಗದ ಕುಣಿಗೇ ಇಳಿದವು. ನೆಲದಲ್ಲಿ ತೋಡಿದ ಆ ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿದರೇ ನಮ್ಮ ಮಗ್ಗ ನಡೆಯುವುದು. ಒಂದು ಮುಂಜಾನೆ ಮನೆಯವರ ಹೆಬ್ಬೆರಳಿಗೆ ಕಲ್ಲಿನ ಅಂಚು ತಾಗಿ ರಕ್ತ ಬಂತು.

"ನೋಡ್ರಿ ಅಣ್ಣಾ, ಇನ್ನೂ ಎಷ್ಟ ಹರಿತ ಐತಿ!" ಎಂದು ಮೈದುನ ಖುಷಿಪಟ್ಟ.

ಮನೆಯವರಿಗೆ ತಲೆ ಕೆಟ್ಟಿತು. "ಆ ನಿನ್ನ ಧಾರವಾಡದ ಸಾಹೇಬ್ರನ್ನ ಕರಸು. ಅವರು ಬೇಕಂದ್ರ ಇವನ್ನ ತಗೊಂಡು ಹೋಗ್ಲಿ, ನೀ ಬೇಕಾದಷ್ಟು ತಿರುಗು. ಬ್ಯಾಡ ಅಂದ್ರ ಎಲ್ಲಾ ಒಯ್ದು ಕೆರಿಗೆ ಹಾಕು. ಸೈಕಲ್ ಮಾರಿ ಮಗ್ಗದಾಗ ಬಂದು ಕೂಡು. ಇದ ಕಡೀ ಮಾತು."

"ಆತಣ್ಣಾ," ಎಂದ. ಅವತ್ತೇ ಕಾರ್ಡು ಬರೆದ. ಸಾಹೇಬರು ಬರುತ್ತೇನೆಂದು ಉತ್ತರ ಬರೆದರು. ಆ ಉತ್ತರವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದ.

ದೊಡ್ಡವರು ಬರುತ್ತಾರೆಂದರೆ ನಾನು ಸುಮ್ಮನೆ ಕೂಡುವವಳೇ? ಹಿಂದಿನ ದಿನ ಮನೆ ಸಾರಿಸಿದೆ, ತಾಮ್ರದ ಕೊಡ ಬೆಳಗಿದೆ, ಅದೇ ಭರದಲ್ಲಿ ಕಲ್ಲುಗಳನ್ನೂ ಹಿತ್ತಲಿಗೆ ಹೊತ್ತು ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದೆ. ಅವುಗಳ ಬೆನ್ನಿಗೆಲ್ಲ ಏನೋ ಬಿಳಿ ಬಿಳಿ ಮೆತ್ತಿತ್ತು, ಅದನ್ನಂತೂ ಒಂದು ಗೆರೆ ಉಳಿಯದಂತೆ ತೆಗೆದೆ. ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು! ಪೇಟೆಯಿಂದ ಬಂದ ಮೈದುನ ನೋಡಿದವನೇ ಹೊಸ್ತಿಲ ಮೇಲೆ ಕುಳಿತುಬಿಟ್ಟ.

"ವೈನಿ... ಅವುಗಳ ಮ್ಯಾಲ ಬಿಳೀ ಖಡುವಿನಿಂದ ಸಿಕ್ಕ ಊರ ಹೆಸರ ಬರದಿದ್ನಲ್ರಿ."

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಬೈಯಲಿಲ್ಲ. ಅವತ್ತು ಉಣ್ಣದೆ ಹಾಗೆಯೇ ಮಲಗಿದ.

ಮರುದಿನ ಸಾಹೇಬರು ಬಂದರು. ಅಂಗಳದಲ್ಲಿ ಹಳೆಯ ಸೀರೆ ಹಾಸಿ ಕಲ್ಲುಗಳನ್ನು ಸಾಲಾಗಿ ಇಟ್ಟೆವು. ಅವರು ಭೂತಗನ್ನಡಿ ಹಿಡಿದು ಒಂದೊಂದನ್ನೇ ಹೊರಳಿಸಿ ನೋಡುತ್ತಾ ಬಂದರು. "ಇದಕ್ಕ ನೇಗಿಲ ಬಡದೈತಿ." ಎಡಕ್ಕೆ ಇಟ್ಟರು. "ಇವೆಲ್ಲಾ ರಸ್ತಾದ ಕೆಲಸಕ್ಕ ಜಲ್ಲಿ ಒಡದಾಗ ಹಾರಿದ ಚಕ್ಕಿ." ಅವೂ ಎಡಕ್ಕೆ. ಎಡಗಡೆಯ ಗುಂಪು ಏರುತ್ತಿತ್ತು, ಮೈದುನನ ಮುಖ ಇಳಿಯುತ್ತಿತ್ತು. ಒಂದು ಕಲ್ಲನ್ನು ಮಾತ್ರ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. "ಭಾಳ ವಿಚಿತ್ರ ಐತಿ ಇದು. ಏನೋ ತಿಕ್ಕಿ ತಿಕ್ಕಿ ಸವದೈತಿ."

"ಅದು ನನ್ನ ಹಿಮ್ಮಡ ತಿಕ್ಕೂ ಕಲ್ಲರೀ!" ಎಂದು ಕಸಿದುಕೊಂಡೆ. ತೊಳೆಯುವ ಗಡಿಬಿಡಿಯಲ್ಲಿ ಬೆರೆತು ಹೋಗಿತ್ತು.

ಕಡೆಗೆ ಬಲಗಡೆ ಒಂದು ಸಣ್ಣ ಗುಂಪು ಉಳಿಯಿತು. "ಇವು ಖರೇನ ಆ ಕಾಲದ್ದು," ಎಂದರು ಸಾಹೇಬರು. "ನಿಮ್ಮ ಕಣ್ಣ ಚೊಲೋ ಅದಾವ. ಎಲ್ಲೆಲ್ಲಿ ಸಿಕ್ಕಾವು, ಹೇಳ್ರಿ ಬರಕೋತೀನಿ. ಜಾಗಾ ಗೊತ್ತಿಲ್ಲದ ಕಲ್ಲು ನನಗ ಉಪಯೋಗಿಲ್ಲ, ಒಯ್ಯೂದಿಲ್ಲ."

ಮೈದುನ ಒಂದನ್ನು ಎತ್ತಿದ, ಇಟ್ಟ. ಇನ್ನೊಂದನ್ನು ಎತ್ತಿದ. "ಇದು... ಬೆಳ್ಳಟ್ಟಿ... ಅಲ್ರಿ, ಮುಂಡರಗೀದೇನೋ." ಬರೆದಿಟ್ಟ ಭರವಸೆಯ ಮೇಲೆ ನೆನಪನ್ನು ಬಿಟ್ಟುಕೊಟ್ಟಿದ್ದ. ಮನೆಯವರು ಖಾಲಿ ಗೋಣಿಚೀಲ ತಂದು ಗೋಡೆಗೆ ಆನಿಸಿದರು.

"ಅದು ಬೆಳ್ಳಟ್ಟಿ ಹಳ್ಳದ್ದರೀ," ಎಂದೆ ನಾನು.

ಎಲ್ಲರೂ ನನ್ನ ಕಡೆ ತಿರುಗಿದರು.

"ಹಳ್ಳದ ಮೂಡಲ ದಂಡಿಮ್ಯಾಲ. ಅವತ್ತ ಸೈಕಲ್ಲಿನ ಚೈನ್ ಹರದಿತ್ತು, ಕೈ ತೊಳಿಯಾಕ ಇಳದಿದ್ದ. ಅಂಗಾತ ಬಿದ್ದಿತ್ತು. ಈ ಹಸರ ಕಲ್ಲು ಶಿರಹಟ್ಟಿ ಗುಡ್ಡದ ಬುಡದ್ದು, ಕುರಿ ಹಟ್ಟಿ ಹಿಂದ. ನಾಯಿ ಬೆನ್ನ ಹತ್ತಿತ್ತು, ಒಗಿಯಾಕಂತ ಕಲ್ಲ ಎತ್ತಿದಾಂವ ಉಬ್ಬ ಕಂಡು ಒಗೀಲಿಲ್ಲ. ಕಡಸಕೊಂಡು ಬಂದ. ಆ ಸಣ್ಣ ಬೆಣಚಿನ ಚೂರು ಮೂರೂ ಲಕ್ಷ್ಮೇಶ್ವರದ ದಾರ್ಯಾಗಿನ ಎರಿ ಹೊಲದ್ದು, ಮಳಿ ಬಂದ ಮರುದಿನ..."

ಸಾಹೇಬರು ಹಸಿರು ಕಲ್ಲಿನ ಸಂದಿಯನ್ನು ಸೂಜಿಯಿಂದ ಕೆರೆದರು. "ನೀವು ಎಷ್ಟ ತಿಕ್ಕಿದ್ರೂ ಕೆಂಪನ್ನ ಮಸಾರಿ ಮಣ್ಣ ಉಳದೈತಿ. ಗುಡ್ಡದ ಕಡೇದ ಖರೆ. ನೀವೂ ಅಲ್ಲೆಲ್ಲಾ ಅಡ್ಡಾಡೀರೇನವಾ?"

"ನಾ ಎಲ್ಲಿ ಹೋಗ್ಲಿರೀ? ಈ ಓಣಿ ಬಿಟ್ರ ಗದಗಿನ ಪ್ಯಾಟಿ. ಇಂವ ದಿನಾ ಹೇಳತಿದ್ದಲ್ಲ."

ಸಾಹೇಬರು ಬರೆದುಕೊಳ್ಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಮನೆಯವರು ಯಾವಾಗಲೋ ಗೋಣಿಚೀಲ ಮಡಚಿ ಒಳಗಿಟ್ಟರು. ಮೈದುನ ಕಲ್ಲುಗಳನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ.

"ವೈನಿ, ನೀವು ಕೇಳತಿದ್ರೇನ್ರಿ?" ಎಂದ.

"ಕಿವಿ ಅದಾವಲ್ಲೋ, ಏನ ಮಾಡ್ಲಿ?" ಎಂದೆ.

ಕೊನೆಯಲ್ಲಿ ಸಾಹೇಬರು ಹೆಸರು ಬರೆದುಕೊಳ್ಳಲು ಕೇಳಿದರು. "ಎರಡ ಹೆಸರ ಬರೀರಿ," ಎಂದ ಅವನು. "ಆರಿಸಿದಾಂವ ನಾನು. ಇಟಗೊಂಡವರು ನಮ್ಮ ವೈನಿ."

ಸಾಹೇಬರು ಬಲಗಡೆಯ ಕಲ್ಲುಗಳನ್ನು ಪೆಟ್ಟಿಗೆಯಲ್ಲಿ ಒಯ್ದರು. ಎಡಗಡೆಯವನ್ನು ಹಿತ್ತಲಿನ ಮೋರಿಗೆ ಹಾಸಿದೆವು. ಮುಂದಿನ ವಾರ ಮೈದುನ ಮುಂಡರಗಿಯಿಂದ ಬಂದವನು ಗಂಟನ್ನೂ ಇಳಿಸದೆ, ಕಾಲನ್ನೂ ತೊಳೆಯದೆ, ನೇರ ಒಲೆಯ ಮುಂದೆ ಬಂದು ಕುಳಿತು ಕಿಸೆಯಿಂದ ಒಂದು ಕಲ್ಲು ತೆಗೆದ.

"ವೈನಿ, ಬರಕೋರಿ," ಎಂದ.

ಹೆಂಚಿನ ಮೇಲೆ ರೊಟ್ಟಿ ಇತ್ತು. ನಾನು ಅವನ ಕಡೆ ತಿರುಗಿ ಕುಳಿತು, "ಹೇಳು," ಎಂದೆ. ಆ ರೊಟ್ಟಿ ಹೊತ್ತಿ ಹೋಯಿತು. ಹೋಗಲಿ.