ಕುರ್ಚಿಗಾಗಿ ಬೆಟ್ಟ ಹತ್ತಿದವನು

ಚಪ್ಪಲಿ ಅಂಗಡಿಯ ಅರ್ಧ ಎತ್ತಿದ ಶಟರಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಮೆತ್ತಣ್ಣ ಶೂಗಳಿಗೆ ಲೇಸ್ ಪೋಣಿಸುತ್ತಿದ್ದ. ಇನ್ನೂ ಬೆಳಕು ಹರಿದಿರಲಿಲ್ಲ. ದೀಪ ಹಾಕಿದರೆ ಬೀದಿಗೆಲ್ಲ ಗೊತ್ತಾಗುತ್ತದೆಂದು ಕತ್ತಲಲ್ಲೇ ತಡಕಾಡಿ ಗಾಜಿನ ಕಪಾಟಿನಿಂದ ಒಂದು, ಬಾಗಿಲ ಪಕ್ಕದ ಹಲಗೆಯಿಂದ ಅದೇ ಬಗೆಯ ಇನ್ನೊಂದು ತೆಗೆದಿದ್ದ. ಬೆಟ್ಟ ಹತ್ತುವ ಶೂ. ಇವತ್ತು ಯಜಮಾನರ ಜೊತೆ ಅಂಗಡಿಯವರೆಲ್ಲ ಬೆಟ್ಟಕ್ಕೆ ಹೊರಟಿದ್ದರು. ಸಂಜೆ ಒರೆಸಿ ಇಟ್ಟುಬಿಟ್ಟರೆ ಯಾರಪ್ಪನಿಗೂ ತಿಳಿಯುವುದಿಲ್ಲ.

ಯಾರು ಏನು ಹೇಳಿದರೂ ಹೂಂ ಎನ್ನುವುದಕ್ಕೇ ಅವನಿಗೆ ಆ ಹೆಸರು ಬಿದ್ದಿತ್ತು. ಅಂಗಡಿಗೆ ಬಂದವರ ಕಾಲಿಗೆ ಚಪ್ಪಲಿ ತೊಡಿಸಿ ತೊಡಿಸಿ ಅವನ ಸ್ವಂತ ಕಾಲು ಸಂಜೆ ಹೊತ್ತಿಗೆ ಅವನ ಮಾತು ಕೇಳುತ್ತಿರಲಿಲ್ಲ. ಈಗ ಗಲ್ಲಾದಲ್ಲಿ ಕೂರುತ್ತಿದ್ದವರು ಕೆಲಸ ಬಿಟ್ಟು, ಅಲ್ಲಿಯ ಕುರ್ಚಿ ಖಾಲಿ ಬಿದ್ದಿತ್ತು. ಮೇಲೆ ಫ್ಯಾನು, ಕೆಳಗೆ ದಿಂಬು. ಮದುವೆಗೆ ಮುಂಚೆ ಹೆಂಡತಿಯನ್ನೂ ಅವನು ಅಷ್ಟು ಆಸೆಯಿಂದ ನೋಡಿರಲಿಲ್ಲ.

"ಕುರ್ಚಿ ಯಾರಿಗೆ ಅಂತ ಯಜಮಾನ್ರು ಬೆಟ್ಟದ ತುದೀಲಿ ಹೇಳ್ತಾರಂತೆ ಕಣೋ," ಎಂದು ಹೆಂಗಸರ ವಿಭಾಗದ ಅಕ್ಕ ಹಿಂದಿನ ದಿನ ಕಿವಿ ಊದಿದ್ದಳು. "ಗಟ್ಟಿಗ ಅನ್ನಿಸ್ಕೋ. ನೀನು ಹಿಂದೆ ಬಿದ್ರೆ ಏಣಿ ಕೂತ್ಬಿಡ್ತಾನೆ."

ಏಣಿ ಎಂದರೆ ಗೋಡೌನಿನ ಆಳು. ಅಟ್ಟದ ಮೇಲಿನ ಡಬ್ಬ ನಿಂತಲ್ಲೇ ಕೈಗೆ ಎಟುಕುವಷ್ಟು ಉದ್ದ.

ಬೆಟ್ಟದ ಬುಡದಲ್ಲಿ ವ್ಯಾನ್ ಇಳಿದ ಯಜಮಾನರು ಒಂದು ಮಡಿಸುವ ಕುರ್ಚಿ ಹೊರತೆಗೆದರು. "ನನಗೆ ಮಂಡಿ ನೋವು. ಇದನ್ನ ಯಾರಪ್ಪಾ ಹೊರ್ತೀರಾ?"

ಏಣಿ ಆಕಾಶ ನೋಡಿದ. ಮೆತ್ತಣ್ಣ ಬೆನ್ನೊಡ್ಡಿದ.

ಮೊದಲ ತಿರುವಿನಲ್ಲೇ ಅವನ ಬಲಗಾಲು ತಕರಾರು ತೆಗೆಯಿತು. ಬಗ್ಗಿ ನೋಡಿದರೆ ಎರಡೂ ಎಡಗಾಲಿನ ಶೂ. ಕಳ್ಳರು ಜೋಡಿ ಎತ್ತಿಕೊಂಡು ಹೋಗಬಾರದೆಂದು ಅಂಗಡಿಯಲ್ಲಿ ಗಿರಾಕಿಗೆ ಕಾಣುವ ಕಡೆಯೆಲ್ಲ ಎಡಗಾಲಿನದನ್ನಷ್ಟೇ ಇಡುವುದು. ದಿನಾ ಹಾಗೆ ಇಡುತ್ತಿದ್ದವನೂ ಅವನೇ.

ವಾಪಸು ಹೋಗುವಂತಿಲ್ಲ. ಎಡಕ್ಕೇ ಎಳೆಯುವ ಬಲಗಾಲನ್ನು ಸಮಾಧಾನ ಮಾಡುತ್ತಾ ಅಡ್ಡಡ್ಡ ಹತ್ತತೊಡಗಿದ.

"ಏನೋ ಅದು, ಏಡಿ ನಡೆದ ಹಾಗೆ?" ಎಂದಳು ಅಕ್ಕ.

"ಬೆಟ್ಟ ಹತ್ತೋ ರೀತಿನೇ ಇದು ಅಕ್ಕಾ. ಮಂಡಿಗೆ ಒಳ್ಳೇದು."

ಮಂಡಿ ಎಂದದ್ದೇ ತಡ, ಯಜಮಾನರು ಅಡ್ಡ ತಿರುಗಿದರು. ಯಜಮಾನರು ತಿರುಗಿದ ಮೇಲೆ ಅಂಗಡಿಗೆ ಅಂಗಡಿಯೇ ತಿರುಗಿತು. ಇಳಿದು ಬರುತ್ತಿದ್ದ ಯಾರೋ ಮಕ್ಕಳ ಕೈ ಹಿಡಿದುಕೊಂಡು ದಾರಿ ಬಿಟ್ಟು ನಿಂತರು.

ತುದಿ ಇನ್ನೇನು ಬಂತು ಎನ್ನುವಾಗ ಏಣಿಯ ಉದ್ದ ಕಾಲುಗಳು ಒಂದಕ್ಕೊಂದು ಸಿಕ್ಕಿಕೊಂಡು, ಪಾದ ಉಳುಕಿ ಅವನು ಕೂತೇಬಿಟ್ಟ. ಮೆತ್ತಣ್ಣನ ಎದೆಯೊಳಗೆ ಓಲಗ ಊದಿತು. ಬಾಯಲ್ಲಿ "ಅಯ್ಯೋ ಪಾಪ" ಎಂದ.

"ಪಾಪ ಅಂದ್ರೆ ಆಯ್ತಾ? ಹೊತ್ಕೋ ಅವನ್ನ," ಎಂದಳು ಅಕ್ಕ.

ಹೂಂ ಎಂದ. ಬೆನ್ನಿಗೆ ಕುರ್ಚಿ, ಹೆಗಲಿಗೆ ಏಣಿ, ಕಾಲಿಗೆ ಎರಡು ಎಡ. ಆದರೂ ಎಲ್ಲರಿಗಿಂತ ಮೊದಲು ತುದಿ ಮುಟ್ಟಿದ.

ಏದುಸಿರು ಬಿಡುತ್ತಾ ಬಂದ ಯಜಮಾನರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು; ಕಣ್ಣು ಮತ್ತೆ ಅಡಿಗೇ ಬಂದು ನಿಂತಿತು. "ನಮ್ಮ ಶೂ ಅಲ್ವೇನಯ್ಯಾ ಇದು? ಎರಡೂ ಎಡ?"

ಮೆತ್ತಣ್ಣ ಬಲಗಾಲನ್ನು ಎಡಗಾಲಿನ ಹಿಂದೆ ಅಡಗಿಸಿದ.

"ಎರಡು ಎಡ ಹಾಕ್ಕೊಂಡು, ಇಷ್ಟೆಲ್ಲಾ ಹೊತ್ಕೊಂಡು ಹತ್ತಿದ್ದೀಯಲ್ಲಯ್ಯಾ," ಯಜಮಾನರ ಕಣ್ಣು ಒದ್ದೆಯಾಯಿತು. "ಇಂಥ ಕಾಲನ್ನ ಗಲ್ಲಾದಲ್ಲಿ ಕೂರಿಸಿ ಕೊಳೆಸ್ಲಾ? ನಾಳೆಯಿಂದ ಗೋಡೌನೂ ನೀನೇ ನೋಡ್ಕೋ. ಇವನ ಕಾಲಂತೂ ಹೋಯ್ತು, ಗಲ್ಲಾದಲ್ಲಿ ಕೂತ್ಕೊಳ್ಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮೆತ್ತಣ್ಣನ ಬೆನ್ನಿನಿಂದ ಕುರ್ಚಿ ಬಿಚ್ಚಿ ಏಣಿಯನ್ನು ಕೂರಿಸಿದರು. ಅಕ್ಕ ಅವನ ಪಾದ ನೀವತೊಡಗಿದಳು, ಯಜಮಾನರು ಟೋಪಿಯಿಂದ ಗಾಳಿ ಬೀಸಿದರು.

ಮೆತ್ತಣ್ಣ ಒಂಟಿಗಾಲಲ್ಲಿ ನಿಂತು ಬಲಗಾಲಿನ ಎಡ ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಅವನು ಎದ್ದ ಮೇಲೆ ಒಂಚೂರು ನಾನು ಕೂತ್ಕೊಳ್ಲಾ?" ಎಂದ.

ಎಲ್ಲರೂ ಏಣಿಯ ಪಾದವನ್ನೇ ನೋಡುತ್ತಿದ್ದರು.