ನಿದ್ದೆ ಔಷಧಿಗೆ ಅತ್ತಿಯ ತಕರಾರು

ನಮ್ಮತ್ತಿ ಡಾಕ್ಟರಾಗಲಿಲ್ಲ. ಅದು ಇಳಕಲ್ಲಿನ ಜನರ ಪುಣ್ಯ! ಓದದೆಯೇ ಇಷ್ಟು ಕಾಡುವವಳು ಓದಿದ್ದರೆ ಗತಿಯೇನು? ನಮ್ಮಪ್ಪನ ಅಕ್ಕ ಈಕೆ. ಬಸ್ಸಿನಲ್ಲಿ ಪಕ್ಕದವರು ಕೆಮ್ಮಿದರೆ ಸಾಕು, ನಾಲಿಗೆ ಚಾಚಿಸಿ ನೋಡಿಯೇ ಬಿಡುತ್ತಾಳೆ. ಒಮ್ಮೆ ಹುನಗುಂದದಲ್ಲಿ ಇಳಿಯಬೇಕಾದವರೊಬ್ಬರು ಈಕೆ ಹೇಳುವ ಪಥ್ಯ ಕೇಳುತ್ತ ಕೇಳುತ್ತ ಬಾಗಲಕೋಟೆಗೇ ಬಂದು ಇಳಿದರಂತೆ. "ಭಾಳ ಚಲೋ ಮನಶ್ಯಾ" ಅಂತ ಅವರಿಗೆ ಸರ್ಟಿಫಿಕೇಟು ಬೇರೆ!

ನನ್ನ ಮಗಳು ಅನುವಿಗೆ ಆಗ ನಾಲ್ಕು ವರ್ಷ. ಹುಟ್ಟಿನಿಂದಲೇ ಹೃದಯದಲ್ಲೊಂದು ತೂತು. ಆಪರೇಷನ್ ಅಂತ ಗೊತ್ತಾದಾಗ, ಅತ್ತಿಗೆ ಮಾತ್ರ ಹೇಳಕೂಡದೆಂದು ಅಪ್ಪನಿಂದ ಆಣೆ ಹಾಕಿಸಿಕೊಂಡಿದ್ದೆ. ಅಪ್ಪ ಆಣೆ ಮುರಿಯಲಿಲ್ಲ. "ಅಕ್ಕಾ, ಒಂದ್ ಸುದ್ದಿ ನಿನಗ ಹೇಳಬಾರದಂತ ಮಗಳು ಆಣಿ ಹಾಕಿಸ್ಯಾಳ" ಎಂದು ಫೋನು ಮಾಡಿದರು, ಅಷ್ಟೇ!

ಆಪರೇಷನ್ ದಿನ ಬೆಳಿಗ್ಗೆಯೇ ವಾರ್ಡಿನಲ್ಲಿ ಅತ್ತಿ ಹಾಜರು. ಕೈಯಲ್ಲಿ ಕರದಂಟಿನ ಡಬ್ಬಿ. ಒಂದು ತುಂಡು ಆಗಲೇ ಅನುವಿನ ಬಾಯಿಯ ಹತ್ತಿರ ಹೋಗಿತ್ತು. ಹಾರಿ ಹೋಗಿ ಕಸಿದುಕೊಂಡೆ.

"ಅತ್ತೀ! ಆಕಿ ಉಪಾಸ ಇರಬೇಕು. ಹೊಟ್ಯಾಗ ಏನರ ಇದ್ದರ ಅರಿವಳಿಕೆ ಕೊಡಾಕ ಬರಂಗಿಲ್ಲ."

"ಇದೇನ್ ಊಟೇನs? ಕರದಂಟು!"

ಡಬ್ಬಿಯನ್ನೇ ಕಸಿದು ನನ್ನ ಚೀಲದಲ್ಲಿ ತುರುಕಿದೆ.

ಅಷ್ಟರಲ್ಲಿ ಅರಿವಳಿಕೆಯ ಡಾಕ್ಟರು ಬಂದರು. ಇನ್ನೂ ಸಣ್ಣ ವಯಸ್ಸಿನ ಹೆಣ್ಣುಮಗಳು. "ಮೊದಲ ಒಂದ್ ಸಿರಪ್ ಕೊಡ್ತೇವ್ರಿ. ಮಂಪರು ಬರ್ತೈತಿ, ಕೂಸು ಅಂಜಂಗಿಲ್ಲ, ಅಳಂಗಿಲ್ಲ. ಅತ್ತರ ಆಕಿ ಹೃದಯಕ್ಕ ಭಾರ ಬೀಳ್ತೈತಿ" ಅಂದರು.

"ಮಂಪರು ಹೆಚ್ಚಾದ್ರ?" ಅತ್ತಿ ಶುರು ಮಾಡಿದಳು.

"ಉಸಿರು ಕಡಿಮಿ ಆಗಬಹುದು, ಬಿಪಿ ಇಳೀಬಹುದು. ಅದಕ್ಕs ತೂಕ ನೋಡಿ ಕೊಡ್ತೇವ್ರಿ. ಒಳಗ ಕೊಡೂ ಔಷಧಾನೂ ಸಾವಕಾಶ, ಸ್ವಲ್ಪ ಸ್ವಲ್ಪ."

"ಆದ್ರೂ ಇಳಿದ್ರ?"

"ಏರಸಾಕ ಔಷಧ ಅದಾವ್ರಿ."

"ಏರಿ ಕುಂತ್ರ?"

"ಇಳಸಾಕೂ ಅದಾವು."

"ಮತ್ತ ಈ ಇಳಸೂದ್ಯಾಕ, ಏರಸೂದ್ಯಾಕ? ಇದ್ದಲ್ಲೇ ಬಿಡ್ರಲ್ಲಾ!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಡಾಕ್ಟರು ಮಾತ್ರ ನಕ್ಕರು. "ಇದ್ದಲ್ಲೇ ಇರೂ ಹಂಗ ನೋಡ್ಕೊಳ್ಳೂದs ನನ್ನ ಕೆಲಸರೀ ಅಮ್ಮಾರ."

ಸಿಸ್ಟರು ಸಿರಪ್ ತಂದರು. ಅತ್ತಿ ಅಡ್ಡ ನಿಂತಳು. "ಮೊದಲ ನನಗೊಂದ್ ಗುಟುಕು ಹಾಕ್ರಿ. ನಾ ಎದ್ದ ಮ್ಯಾಲ ಕೂಸಿಗೆ ಕೊಡೀರಂತ."

"ನಿಮಗ ಇಡೀ ಬಾಟ್ಲಿನs ಬೇಕಾಗ್ತೈತ್ರಿ!" ಅಂದರು ಸಿಸ್ಟರು. ಕೊಟ್ಟಿದ್ದರೆ ನನ್ನ ಅಭ್ಯಂತರವೇನೂ ಇರಲಿಲ್ಲ, ಖರೆ ಹೇಳುತ್ತೇನೆ!

ಅನು ಗುಟುಕರಿಸಿ ಕುಡಿದಳು. ಸ್ವಲ್ಪ ಹೊತ್ತಿಗೆ ಕಣ್ಣು ಎಳೆಯತೊಡಗಿ, ಯಾರನ್ನೋ ನೋಡಿ ನಗುತ್ತ ನನ್ನ ಹೆಗಲಿಗೆ ಒರಗಿದಳು. ಅಳದೆಯೇ ಆಪರೇಷನ್ ಕೋಣೆಯೊಳಗೆ ಹೋದಳು. ಬಾಗಿಲು ಮುಚ್ಚಿತು.

ಹೊರಗೆ ಅತ್ತಿಯ ಕಾಟ! ಆ ಕಡೆ ಸುಳಿದವರನ್ನೆಲ್ಲ ತಡೆದು, "ಬಿಪಿ ಎಷ್ಟೈತ್ರಿ?" ಎಂಬ ಪ್ರಶ್ನೆ. ಸೆಕ್ಯೂರಿಟಿಯವರನ್ನೂ ಬಿಡಲಿಲ್ಲ. ಅವರು ಪಾಪ, "ಜಾಸ್ತಿ ಐತ್ರಿ, ದಿನಾ ಗುಳಿಗಿ ತಗೋತೇನಿ" ಅಂದರು. ಸರಿ, ಅವರಿಗೆ ಪಥ್ಯ ಶುರುವಾಯಿತು! ನನ್ನ ಸಹನೆ ಮುಗಿಯಿತು. "ಅತ್ತೀ, ನಿನಗ ಕೈ ಮುಗೀತೇನಿ, ಬಾಯಿ ಮುಚ್ಕೊಂಡು ಕುಂದ್ರು!" ಎಂದು ಎಲ್ಲರೆದುರು ಚೀರಿದೆ. ಕುಳಿತಳು.

ಮಧ್ಯಾಹ್ನ ಡಾಕ್ಟರು ಹೊರಬಂದರು. "ಎಲ್ಲಾ ಚಲೋ ಆತ್ರಿ. ಬಿಪಿ ಸ್ಥಿರ ಐತಿ. ಇವತ್ತ ಮಂಪರಿನಾಗs ಇಡ್ತೇವಿ, ನಾಳಿಂದ ಸಾವಕಾಶ ಕಡಿಮಿ ಮಾಡ್ತೇವಿ." (ಮರುದಿನ ಅನು ಕಣ್ಣು ಬಿಟ್ಟು ನೀರು ಕೇಳಿದಳು. ಅದು ಆಮೇಲಿನ ಮಾತು.)

ಕೇಳಿದ್ದೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಬೆಳಗಿನಿಂದ ತಡೆದಿದ್ದ ಅಳು ಒಮ್ಮೆಲೇ ಒತ್ತರಿಸಿ ಬಂತು. ಅತ್ತಿ ಹತ್ತಿರ ಸರಿದು ಸೆರಗಿನಿಂದ ನನ್ನ ಮುಖ ಒರೆಸಿದಳು. ತಲೆಯನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು.

"ಮಲ್ಕೋ ನನ್ನವ್ವಾ. ಕೂಸಿಗೆ ಡಾಕ್ಟರ ಅದಾರ. ನಿನಗ ನಾ ಅದೇನಿ."

ಎಂದವಳು ಮೆಲ್ಲಗೆ ನನ್ನ ಬೆನ್ನು ತಟ್ಟತೊಡಗಿದಳು.